ಪಿಕಪ್ಪಿಗೊಂದು ಮುಖ

ಓಬಯ್ಯನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಹುಲಿಕುಂಟೆಯ ಆಚೆಗಿನ ಗೊಲ್ಲರಹಟ್ಟಿಯಲ್ಲಿ ಹುಟ್ಟಿ, ಹದಿನೆಂಟು ವರ್ಷ ತುಂಬುವವರೆಗೆ ಕುರಿಗಳ ಹಿಂದೆ ನಡೆದು, ಆಮೇಲೆ ಲಾರಿಗಳಲ್ಲಿ ಕ್ಲೀನರಾಗಿ, ಡ್ರೈವರಾಗಿ ಊರೂರು ತಿರುಗಿದವನು. ಮನೆಗೆ ಬಂದರೂ ಹೊಸ್ತಿಲ ಮೇಲೆ ಒಂದು ಗಳಿಗೆ, ಬಾವಿಕಟ್ಟೆಯ ಮೇಲೆ ಒಂದು ಗಳಿಗೆ. "ಕಾಲಿಗೆ ಇರುವೆ ಹತ್ತೈತಾ ನಿನಗೆ?" ಎಂದು ಹೆಂಡತಿ ಜುಂಜಮ್ಮ ಕೇಳುತ್ತಿದ್ದಳು.

ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಅವನು ತನ್ನ ಪಾಲಿನ ಕುರಿಗಳನ್ನೆಲ್ಲ ಮಾರಿ, ತುಮಕೂರಿನ ಒಂದು ಹರಾಜಿನಲ್ಲಿ ಹಳೇ ಪಿಕಪ್ ಹಿಡಿದ. ಯಾವುದೋ ಇಲಾಖೆಯವರು ಓಡಿಸಿ ಸಾಕಾಗಿ ಬಿಟ್ಟ ಗಾಡಿ. ಇಂಜಿನ್ ಗಟ್ಟಿಯಾಗಿತ್ತು. ಹಿಂದಿನ ತೊಟ್ಟಿಯಲ್ಲಿ ಇಪ್ಪತ್ತು ಕುರಿ ಹಿಡಿಯುತ್ತಿದ್ದವು. ಆದರೆ ಗಾಡಿಗೆ ಮುಖವೇ ಇರಲಿಲ್ಲ. ಎರಡು ದೀಪಗಳ ನಡುವೆ ಇರಬೇಕಾದ ಗ್ರಿಲ್ಲು ಎಲ್ಲೋ ಬಿದ್ದುಹೋಗಿ, ಆ ಜಾಗದಲ್ಲಿ ಎರಡು ಮುರುಕು ಪಟ್ಟಿಗಳು ಜೋತಾಡುತ್ತಿದ್ದವು. ಅವುಗಳ ಹಿಂದೆ ರೇಡಿಯೇಟರು ಬಡಕಲು ದನದ ಪಕ್ಕೆಲುಬಿನ ಹಾಗೆ ಎದ್ದು ಕಾಣುತ್ತಿತ್ತು.

ಶಿರಾದ ಕುರಿಸಂತೆಯಲ್ಲಿ ಅದಕ್ಕೆ ಬೊಚ್ಚುಬಾಯಿ ಎಂದು ಹೆಸರು ಬಿತ್ತು. "ಬೊಚ್ಚುಬಾಯಿ ಬಂತು ಕಣ್ಲಾ, ದಾರಿ ಬುಡ್ರೋ" ಎಂದು ದಲ್ಲಾಳಿಗಳು ನಗುತ್ತಿದ್ದರು. ಓಬಯ್ಯನೂ ಜೊತೆಗೆ ನಗುತ್ತಿದ್ದ. ಆದರೆ ಮಧುಗಿರಿಯಲ್ಲಿ ಒಂದು ಮದುವೆ ಮನೆಯವರು ಸಾಮಾನು ಸಾಗಿಸಲು ಬಾಡಿಗೆ ಮಾತಾಡಿ, ಬೆಳಗ್ಗೆ ಗಾಡಿ ಬಾಗಿಲಿಗೆ ಬಂದಾಗ ಗಂಡಿನ ಮಾವ ಮುಂದೆ ನಿಂತು ನೋಡಿ, "ಶುಭಕಾರ್ಯಕ್ಕೆ ಇಂಥದ್ದು ಬೇಡಪ್ಪ" ಎಂದು ವಾಪಸು ಕಳಿಸಿದ ಮೇಲೆ ಅವನಿಗೆ ನಗು ಬರಲಿಲ್ಲ. ಹಟ್ಟಿಗೆ ಬರುವ ದಾರಿಯುದ್ದಕ್ಕೂ ಗಾಡಿ ನಿಲ್ಲಿಸುವುದು, ಇಳಿದು ಮುಂದೆ ನಿಂತು ನೋಡುವುದು, ಮತ್ತೆ ಹತ್ತುವುದು. ನಾಲ್ಕು ಸಲ ಹಾಗೆ ಮಾಡಿದ.

ಮಾರನೆಯ ವಾರ ಕೊರಟಗೆರೆಯಲ್ಲಿ ಚನ್ನಮಲ್ಲಯ್ಯನವರು ಸಿಕ್ಕರು. ಅವರು ಟೂರಿಂಗ್ ಟಾಕೀಸಿನ ಮಾಲೀಕರು. ಅವರ ಟೆಂಟು ಆರು ತಿಂಗಳು ಕೊರಟಗೆರೆಯಲ್ಲಿ ನಿಂತರೆ ಇನ್ನಾರು ತಿಂಗಳು ಪಾವಗಡದಲ್ಲಿ. ಹಣೆಗೆ ಮೂರು ಬೆರಳ ವಿಭೂತಿ, ಬಾಯಲ್ಲಿ ಏಲಕ್ಕಿ, ಮಾತು ಮಾತ್ರ ನೇರ. ಸಿನಿಮಾ ಪ್ರಚಾರಕ್ಕೆ ಇಟ್ಟುಕೊಂಡಿದ್ದ ಕಾರು ಕೆಟ್ಟು ನಿಂತಿತ್ತು.

"ವಾರಕ್ಕೆ ಎರಡು ದಿನ ಹಳ್ಳಿ ಸುತ್ತಬೇಕು. ಮೇಲೆ ಮೈಕು, ಎರಡೂ ಕಡೆ ಪೋಸ್ಟರು. ವರ್ಷಪೂರ್ತಿ ಕೆಲಸ," ಎಂದರು. ಆಮೇಲೆ ಗಾಡಿಯ ಮುಂದೆ ಬಂದು ನಿಂತರು. "ಈ ಮುಖ ನೋಡಿ ಯಾರಯ್ಯ ಸಿನಿಮಾಕ್ಕೆ ಬರ್ತಾರೆ? ಎಮ್ಮೆ ಸತ್ತಿದೆ ಅಂತ ಸಾರೋಕೆ ಬಂದಂಗಿದೆ. ಬರೋ ಸೋಮವಾರ ಮುಖ ಸರಿ ಮಾಡಿಸ್ಕೊಂಡು ಬಾ. ಇಲ್ಲದಿದ್ರೆ ನಾನು ಬೇರೆ ಗಾಡಿ ನೋಡ್ಕೋತೀನಿ."

ಅವತ್ತು ಮಂಗಳವಾರ. ಹೊಸ ಗ್ರಿಲ್ಲು ಬೆಂಗಳೂರಿನಿಂದ ತರಿಸಬೇಕು. ಅದರ ಬೆಲೆ ಕೇಳಿದ ಮೇಲೆ ಓಬಯ್ಯ ಆ ಮಾತು ಬಿಟ್ಟ. ಮಧುಗಿರಿಯಲ್ಲಿ ಕಿಟಕಿ ಸರಳು ಬೆಸೆಯುವವನ ಹತ್ತಿರ ಹೋಗಿ, ಮನೆಗೆ ಹಾಕುವಂಥದ್ದೇ ಎಂಟು ಸರಳಿನ ಒಂದು ಚೌಕಟ್ಟು ಮಾಡಿಸಿ ಕೂರಿಸಿದ. ದೂರದಿಂದ ಪರವಾಗಿಲ್ಲ ಅನ್ನಿಸಿತು. ಶಿರಾ ಬಸ್ ಸ್ಟ್ಯಾಂಡಿನ ಹತ್ತಿರ ಬಂದಾಗ ಬಾಳೆಹಣ್ಣಿನ ಗಾಡಿಯವನು, "ಓಬಯ್ಯಣ್ಣ, ಜೈಲೇನಾದ್ರೂ ಬಾಡಿಗೆ ತಗಂಡ್ಯಾ?" ಎಂದ. ಅಲ್ಲೇ ರಸ್ತೆ ಬದಿ ನಿಂತು ನಟ್ಟು ಬಿಚ್ಚಿ ಸರಳುಗಳನ್ನು ತೊಟ್ಟಿಗೆ ಎಸೆದ.

ಶುಕ್ರವಾರ ಬೆಳಗ್ಗೆ ಬುಡೇನ್ ಸಾಬರ ಅಂಗಡಿಗೆ ಹೋದ. ಶಿರಾದಲ್ಲಿ ಟಿಂಕರಿಂಗ್ ಕೆಲಸಕ್ಕೆ ಅವರೇ ಹಳಬರು. ತಗಡು ಎಷ್ಟೇ ನುಜ್ಜುಗುಜ್ಜಾಗಿದ್ದರೂ ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಮೊದಲಿನಂತೆ ಮಾಡುವವರು. ಅಂಗಡಿಯ ಹಿಂದೆ ಅವರು ಕೊಂಡಿಟ್ಟ ಗುಜರಿ ಗುಡ್ಡೆಯಾಗಿತ್ತು.

"ಕಮ್ಮಿ ಕಾಸಲ್ಲಿ ಮುಖ ಬೇಕು ಅಂತೀಯ," ಎಂದರು ಸಾಬರು ಗಡ್ಡ ನೀವಿಕೊಂಡು. "ಬಾ, ಗುಜರೀಲಿ ಹುಡುಕೋಣ. ನಸೀಬಿದ್ರೆ ಸಿಗ್ತದೆ."

ಮಧ್ಯಾಹ್ನದವರೆಗೆ ಹುಡುಕಿದರು. ಬಾಗಿಲುಗಳು, ಮಡ್‌ಗಾರ್ಡುಗಳು, ತೂತುಬಿದ್ದ ಟ್ಯಾಂಕುಗಳನ್ನೆಲ್ಲ ಎತ್ತಿಟ್ಟ ಮೇಲೆ ತಳದಲ್ಲಿ ಅದೇ ಜಾತಿಯ ಗಾಡಿಯ ಗ್ರಿಲ್ಲೊಂದು ಸಿಕ್ಕಿತು. ಒಂದು ಮೂಲೆ ಒಳಕ್ಕೆ ಮಡಚಿತ್ತು. ಏಳು ಅಡ್ಡಪಟ್ಟಿಗಳಲ್ಲಿ ಎರಡು ಇರಲಿಲ್ಲ. ತುಕ್ಕು ಹಿಡಿದು ಮಣ್ಣಿನ ಬಣ್ಣವಾಗಿತ್ತು. ಓಬಯ್ಯ ಉಗುರಿನಲ್ಲಿ ಕೆರೆದ. ಒಳಗೆ ಬೆಳ್ಳಿಯಂಥ ಹೊಳಪು ಇಣುಕಿತು.

"ಇದು ಎಲ್ಲೀದು ಸಾಬರೇ?"

"ಯಾರೋ ತಂದು ಹಾಕಿದ್ರು ಬುಡು. ಎರಡು ಲೋಡು ಗುಜರಿ ತುಮಕೂರಿಗೆ ಹೊಡ್ಕೊಡು, ಇದು ನಿಂದು."

ಮೂರು ದಿನ ಅವನು ಆ ಅಂಗಡಿ ಬಿಟ್ಟು ಕದಲಲಿಲ್ಲ. ಸಾಬರು ಮರಳಿನ ಚೀಲದ ಮೇಲೆ ಗ್ರಿಲ್ಲು ಇಟ್ಟು ಮಡಚಿದ ಮೂಲೆಯನ್ನು ತಟ್ಟಿ ನೇರ ಮಾಡಿದರು. ಇಲ್ಲದ ಎರಡು ಪಟ್ಟಿಗಳಿಗೆ ಹಳೇ ಸೈಕಲ್ಲಿನ ಮಡ್‌ಗಾರ್ಡು ಕತ್ತರಿಸಿ, ಅಂಚು ಮಡಿಸಿ ರಿವೆಟ್ ಹೊಡೆದರು. ದೀಪಗಳ ಸುತ್ತ ಬಳೆ ಬೇಕಿತ್ತು. ಎರಡು ಅಲ್ಯೂಮಿನಿಯಂ ತಟ್ಟೆಗಳ ನಡುಭಾಗ ಕತ್ತರಿಸಿ ಅಂಚನ್ನು ಮಾತ್ರ ಉಳಿಸಿಕೊಂಡರು. ಹಟ್ಟಿಯಿಂದ ಬಸ್ಸಿನಲ್ಲಿ ಬಂದ ಜುಂಜಮ್ಮ ಸೀಮೆಎಣ್ಣೆ, ಬೂದಿ ಹಾಕಿ ತೆಂಗಿನ ನಾರಿನಲ್ಲಿ ಒಂದೊಂದೇ ಪಟ್ಟಿ ತಿಕ್ಕಿದಳು. ಹೊಳಪು ಹೋದ ಕಡೆಗೆ ಸಿಲ್ವರ್ ಪೇಂಟು ಬಳಿದರು. ಹಿಂಬದಿಗೆಲ್ಲ ಸಾಬರು ದಟ್ಟವಾಗಿ ಕಪ್ಪು ಬಣ್ಣ ಕೊಟ್ಟರು. "ಹಿಂದೆ ಕತ್ತಲಿದ್ರೇ ಮುಂದೆ ಚಮಕ್ಕು," ಎಂದರು.

ಬಣ್ಣ ಒಣಗುವ ತನಕ ಓಬಯ್ಯ ಅಂಗಡಿಯ ಮುಂದೆ ಅತ್ತಿಂದಿತ್ತ ನಡೆದ. ಹೆಬ್ಬೆರಳಲ್ಲಿ ಮುಟ್ಟಿ ನೋಡಿ ಎರಡು ಕಡೆ ಗುರುತು ಬೀಳಿಸಿದ. ಸಾಬರು ಅವನನ್ನು ಟೀ ಕುಡಿದು ಬಾ ಎಂದು ಮೂರು ಸಲ ಓಡಿಸಿದರು.

ಸೋಮವಾರ ಕೊರಟಗೆರೆಯಲ್ಲಿ ಚನ್ನಮಲ್ಲಯ್ಯನವರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಒಳಗೆ ಹೋಗಿ ಮೈಕು ತಂದು ಅವನ ಕೈಗೆ ಕೊಟ್ಟರು.

ಕುರಿಗಳನ್ನು ಕೂಗಿ ಕೂಗಿ ಗಟ್ಟಿಯಾದ ಓಬಯ್ಯನ ದನಿ ಮೈಕಿಗೆ ಹೇಳಿ ಮಾಡಿಸಿದಂತಿತ್ತು. ಚನ್ನರಾಯನದುರ್ಗದ ಬೆಟ್ಟದ ಕೆಳಗೆ ನಿಂತು ಕೂಗಿದರೆ ಮೇಲೆ ಸೌದೆಗೆ ಹೋದವರಿಗೂ ಕೇಳುತ್ತಿತ್ತು. ಹೆಂಗಸರು ಬಾಗಿಲಿಗೆ ಬಂದು ಗಾಡಿಯ ಮುಖ ನೋಡುತ್ತಿದ್ದರು. ಅವನಿಗೆ ಬೇಕಾದ ಕೆಲಸವೇ ಸಿಕ್ಕಿತ್ತು: ಎಲ್ಲೂ ಒಂದು ಗಳಿಗೆಗಿಂತ ಹೆಚ್ಚು ನಿಲ್ಲುವಂತಿಲ್ಲ.

ಮಳೆಗಾಲ ಮುಗಿದ ಮೇಲೆ ಟೆಂಟು ಪಾವಗಡಕ್ಕೆ ಹೋಯಿತು. ಆ ಕಡೆ ತೆಲುಗು ಜಾಸ್ತಿ. ಓಬಯ್ಯ ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡ. ಒಂದು ಗುರುವಾರ ಬೆಳಗ್ಗೆ, ಮಾರನೆಯ ದಿನ ಬಿಡುಗಡೆಯಾಗುವ ಹೊಸ ಸಿನಿಮಾದ ಪೋಸ್ಟರು ಕಟ್ಟಿಕೊಂಡು ಕ್ಯಾತಗಾನಚೆರ್ಲುವಿಗೆ ಹೋದ. ಅದು ಅವತ್ತಿನ ಮೊದಲ ಊರು. ಇನ್ನೂ ಐದು ಊರು ಬಾಕಿ ಇದ್ದವು.

ಊರು ಇನ್ನೂ ಮುಂದಿದೆ ಅನ್ನುವಾಗ ಕಡಲೆಕಾಯಿ ಹೊಲದಿಂದ ಒಬ್ಬ ಹೆಂಗಸು ಓಡಿ ಬಂದಳು. ಅರವತ್ತರ ಹತ್ತಿರದ ವಯಸ್ಸು. ಕೈಯಲ್ಲಿದ್ದ ಗಿಡಗಳನ್ನು ಎಸೆದು, ಸೀರೆ ಎತ್ತಿಕಟ್ಟಿಕೊಂಡು, ಸೀದಾ ಗಾಡಿಗೆ ಅಡ್ಡ ನಿಂತಳು. ಓಬಯ್ಯ ಬ್ರೇಕು ತುಳಿದ. ಅವಳು ಕಿಟಕಿಯ ಹತ್ತಿರ ಬಂದು ಅವನ ಮುಖ ನೋಡಿ, ಅವನನ್ನು ದಾಟಿ ಕ್ಯಾಬಿನ್ನಿನೊಳಗೆ ನೋಡಿ, ಹಿಂದಿನ ತೊಟ್ಟಿಯನ್ನು ನೋಡಿ ಬಂದಳು.

"ನಾ ಕೊಡುಕು ಏಡಿ?" ಎಂದಳು. ಅವನಿಗೆ ಅರ್ಥವಾಗಲಿಲ್ಲವೆಂದು ತಿಳಿದು, "ನನ್ ಮಗ ಎಲ್ಲಿ ನಾಯ್ನಾ? ಈ ಬಂಡಿ ನನ್ ಮಗಂದು," ಎಂದಳು.

"ಇಲ್ಲಮ್ಮ. ಇದು ನಾನು ಹರಾಜಲ್ಲಿ ತಗಂಡಿದ್ದು."

ಅವಳು ಮುಂದೆ ಹೋಗಿ ಗ್ರಿಲ್ಲಿನ ಮೇಲೆ ಕೈಯಿಟ್ಟಳು. "ಇದು? ಇದು ನಮ್ದು. ಎಡಗಡೆ ಮೂಲೇಲಿ, ಹಿಂದುಗಡೆ ನೋಡು. ಹಿತ್ತಾಳೆ ತುಂಡು ಇರ್ತಾದೆ. ಹುಣಸೆಮರಕ್ಕೆ ಗುದ್ದಿ ಬಿರುಕು ಬಿಟ್ಟಿತ್ತು. ನನ್ ಚೆಂಬು ಒಡೆದಿತ್ತಲ್ಲ, ಅದರಲ್ಲಿ ಒಂದು ತುಂಡು ಕತ್ತರಿಸಿ ಅವನೇ ಹಾಕ್ದ."

ಓಬಯ್ಯ ಬಾನೆಟ್ಟು ಎತ್ತಿ ಸ್ಪ್ಯಾನರಿನ ತುದಿಯಿಂದ ಎಡಮೂಲೆಯ ಕಪ್ಪು ಬಣ್ಣ ಕೆರೆದ. ಎರಡು ಬೆರಳಗಲದ ತುಂಡೊಂದು ಹಳದಿಯಾಗಿ ಹೊಳೆಯಿತು. ಮೂರು ರಿವೆಟ್ಟು.

ಹೆಂಗಸು ಅಲ್ಲೇ ರಸ್ತೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತಳು. ಅವಳ ಹೆಸರು ಪೆದ್ದಮ್ಮ. ಗಂಡ ಇಲ್ಲ, ಒಬ್ಬನೇ ಮಗ ಚಿಕ್ಕನರಸಯ್ಯ. ಎರಡು ಎತ್ತು, ತನ್ನ ಕೊರಳಿನ ಸರ ಮಾರಿ ಅವನಿಗೆ ಇಂಥದೇ ಗಾಡಿ ಕೊಡಿಸಿದ್ದಳು. ಮೂರು ವರ್ಷದ ಹಿಂದೆ ಕಡಲೆಕಾಯಿ ತುಂಬಿಕೊಂಡು ಶಿರಾಕ್ಕೆ ಹೋದವನು ವಾಪಸು ಬಂದಿಲ್ಲ. ಸತ್ತ ಅಂದರು ಕೆಲವರು. ಹಿರಿಯೂರಿನಲ್ಲಿ ಮದುವೆಯಾಗಿದ್ದಾನೆ ಅಂದರು ಕೆಲವರು. ಅವಳು ಎರಡು ಸಲ ಶಿರಾಕ್ಕೆ ಹೋಗಿ, ಯಾರನ್ನು ಕೇಳಬೇಕೆಂದು ತಿಳಿಯದೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಬಂದಿದ್ದಳು.

"ಎಲ್ಲಿ ಸಿಕ್ತು ನಿಂಗೆ?"

"ಶಿರಾದಲ್ಲಿ. ಗುಜರೀಲಿ."

ಗುಜರಿ ಎಂದ ಮೇಲೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಮಾತು ಆಡಬಾರದಿತ್ತು ಎಂದು ಓಬಯ್ಯನಿಗೆ ಆಮೇಲೆ ಹೊಳೆಯಿತು.

"ಕೇಳ್ಕಂಡು ಬತ್ತೀನಿ ಕಣಮ್ಮ," ಎಂದ. "ಜುಂಜಪ್ಪನಾಣೆಗೂ ಬತ್ತೀನಿ."

"ನಾನೂ ಬತ್ತೀನಿ."

"ಬ್ಯಾಡ. ಒಳ್ಳೇದೋ ಕೆಟ್ಟದ್ದೋ ಮೊದ್ಲು ನಾನು ತಿಳ್ಕತೀನಿ."

ಮುಂದಿನ ಊರಿಗೆ ಹೋಗಿ ಮೈಕು ಕೈಗೆತ್ತಿಕೊಂಡ. ಸಿನಿಮಾದ ಹೆಸರು ಹೇಳಲು ಬಾಯಿ ತೆರೆದರೆ ಹೆಸರು ನೆನಪಾಗಲಿಲ್ಲ. ಪೋಸ್ಟರು ನೋಡಿ ಓದಿದ. ಅರ್ಧಕ್ಕೆ ನಿಲ್ಲಿಸಿದ. ಇನ್ನೂ ನಾಲ್ಕು ಊರು ಇವೆ, ಶುಕ್ರವಾರದ ಆಟ ಇದೆ, ಚನ್ನಮಲ್ಲಯ್ಯನವರು ಕಾಯುತ್ತಿರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಲೇ ಗಾಡಿಯನ್ನು ಶಿರಾದ ಕಡೆ ತಿರುಗಿಸಿದ.

ಬುಡೇನ್ ಸಾಬರು ಮಧ್ಯಾಹ್ನದ ನಮಾಜು ಮುಗಿಸಿ ಬರುತ್ತಿದ್ದರು. ಓಬಯ್ಯ ಹಿತ್ತಾಳೆ ತುಂಡು ತೋರಿಸಿ ಕೇಳಿದ. ಸಾಬರು ಟೋಪಿ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು.

"ಆ ಹುಡುಗ ಸತ್ತಿಲ್ಲ," ಎಂದರು. "ಇಲ್ಲೇ ಅವ್ನೆ. ಗಾಡಿ ಉರುಳಿತ್ತು. ಅದರ ಸಾಮಾನು ಒಂದೊಂದಾಗಿ ನಂಗೇ ಮಾರ್ದ. ಮೊದ್ಲು ಚಕ್ರ, ಆಮೇಲೆ ಇಂಜಿನ್ನು. ಈ ಗ್ರಿಲ್ಲು ಮಾತ್ರ ಕೊನೇವರ್ಗೂ ಇಟ್ಕೊಂಡಿದ್ದ. ಒಂದಿನ ಅದನ್ನೂ ತಲೆ ಮೇಲೆ ಹೊತ್ಕೊಂಡು ನಡ್ಕೊಂಡು ಬಂದ."

"ನಂಗೆ ಯಾಕೆ ಹೇಳ್ಲಿಲ್ಲ ಸಾಬರೇ?"

"ನೀನು ಗ್ರಿಲ್ಲು ಕೇಳ್ದೆ, ಕೊಟ್ಟೆ. ಅವನ ಕಷ್ಟ ನಿಂಗ್ಯಾಕೆ ಮಾರ್ಲಿ? ಎಣ್ಣೆ ಮಿಲ್ಲಲ್ಲಿ ಮೂಟೆ ಹೊರ್ತಾನೆ, ಹೋಗು."

ಮಿಲ್ಲಿನ ಅಂಗಳದಲ್ಲಿ ಕಡಲೆಕಾಯಿ ಲಾರಿ ನಿಂತಿತ್ತು. ಹಮಾಲಿಗಳು ಸಾಲಾಗಿ ಮೂಟೆ ಇಳಿಸುತ್ತಿದ್ದರು. ಓಬಯ್ಯ ಗೇಟಿನಲ್ಲಿ ಗಾಡಿ ತಿರುಗಿಸಿ ಒಳಗೆ ಬಂದ. ಸಾಲಿನಲ್ಲಿ ಮೂರನೆಯವನು ತಲೆಯೆತ್ತಿ ಗಾಡಿಯ ಮುಖ ನೋಡಿದ. ಮೂಟೆ ಅವನ ಬೆನ್ನಿನಿಂದ ಜಾರಿ ಬಿದ್ದು ಒಡೆದು, ಕಡಲೆಕಾಯಿ ಅಂಗಳವೆಲ್ಲ ಚೆಲ್ಲಿತು. ಅವನು ಒಂದು ಹೆಜ್ಜೆ ಹಿಂದಕ್ಕಿಟ್ಟ. ಆಮೇಲೆ ತಿರುಗಿ ಓಡಿದ.

ಓಬಯ್ಯ ಗಾಡಿಯನ್ನು ಅಲ್ಲೇ ಬಿಟ್ಟು ಹಿಂದೆ ಓಡಿದ. ಮಿಲ್ಲಿನ ಹಿಂಬಾಗಿಲು, ಜಾಲಿಮುಳ್ಳಿನ ಬಯಲು, ಕೆರೆ ಏರಿ. ಮೂಟೆ ಹೊತ್ತ ಕಾಲುಗಳು ಬೇಗ ಸೋತವು. ಕುರಿ ಅಟ್ಟಿದ ಕಾಲುಗಳು ಸೋಲಲಿಲ್ಲ. ಏರಿಯ ಮೇಲೆ ಚಿಕ್ಕನರಸಯ್ಯ ಮೊಣಕಾಲಿನ ಮೇಲೆ ಕೈಯೂರಿ ನಿಂತು ಏದುಸಿರು ಬಿಟ್ಟ.

"ಯಾರು ಕಳಿಸಿದ್ರು ನಿನ್ನ?"

"ನಿಮ್ಮಮ್ಮ," ಎಂದ ಓಬಯ್ಯ.

ಅವನು ಮುಖ ಮುಚ್ಚಿಕೊಂಡ. ಓಬಯ್ಯ ಪಕ್ಕದಲ್ಲಿ ಕೂತ, ಎದ್ದ, ಮತ್ತೆ ಕೂತ. ಬೀಡಿ ಹಚ್ಚಿ ಅವನ ಕೈಗೆ ಕೊಟ್ಟ. ಅರ್ಧ ಬೀಡಿ ಮುಗಿದ ಮೇಲೆ ಚಿಕ್ಕನರಸಯ್ಯ ಹೇಳತೊಡಗಿದ.

ಆ ದಿನ ಮಧುಗಿರಿಯಿಂದ ನಸುಕಿನಲ್ಲಿ ಹೊರಟಿದ್ದ. ಶಿರಾದಲ್ಲಿ ಮೂಟೆ ಇಳಿಸಲು ಬೋರಪ್ಪನೆಂಬ ಹಮಾಲಿಯನ್ನು ಹತ್ತಿಸಿಕೊಂಡಿದ್ದ. ಬೋರಪ್ಪ ಮೂಟೆಗಳ ಮೇಲೆ ಮಲಗಿದ್ದ. ಹಿಂದಿನ ಎರಡು ರಾತ್ರಿ ನಿದ್ದೆಗೆಟ್ಟಿದ್ದ ಚಿಕ್ಕನರಸಯ್ಯನಿಗೆ ಒಂದು ತಿರುವಿನಲ್ಲಿ ಕಣ್ಣು ಹತ್ತಿತು. ಗಾಡಿ ಹಳ್ಳಕ್ಕೆ ಮಗುಚಿತು. ಅವನಿಗೆ ಒಂದು ಗೀರೂ ಆಗಲಿಲ್ಲ. ಬೋರಪ್ಪನ ಬಲಗಾಲು ಗಾಡಿಯ ಕೆಳಗೆ ಸಿಕ್ಕಿತು. ಮೊಣಕಾಲಿನ ಕೆಳಗೆ ಕತ್ತರಿಸಿದರು.

"ನಾನೇ ನಿದ್ದೆ ಮಾಡ್ದೆ ಅಂತ ನಾನೇ ಹೇಳ್ದೆ. ಕೇಸು ಬ್ಯಾಡ ಅಂದ ಬೋರಪ್ಪ. ಅವನ ಹೆಂಡ್ತಿ ನನ್ನ ಮುಖ ನೋಡ್ತಾ ಕೂತಿದ್ಲು. ಎರಡು ಹೆಣ್ಮಕ್ಕಳು. ಗಾಡಿ ಬಿಚ್ಚಿ ಮಾರಿ ಕಾಲಿನ ಆಸ್ಪತ್ರೆ ಖರ್ಚಿಗೆ ಹಾಕ್ದೆ. ಆ ದುಡ್ಡೂ ಮುಗೀತು. ಆಮೇಲೆ ಅವನ ಜಾಗದಲ್ಲಿ ಮೂಟೆ ಹೊರಕ್ಕೆ ನಿಂತೆ."

"ಅಮ್ಮಂಗೆ ಒಂದು ಕಾಗ್ದ ಹಾಕ್ಬೋದಿತ್ತಲ್ಲ."

"ಏನಂತ ಬರೀಲಿ? ನಿನ್ನ ಎತ್ತು ತಿಂದೆ, ಸರ ತಿಂದೆ, ಒಬ್ಬನ ಕಾಲೂ ತಿಂದೆ ಅಂತ್ಲಾ? ನಾಳೆ ಬರೀತೀನಿ, ನಾಳೆ ಬರೀತೀನಿ ಅಂತಂತಾನೇ ಮೂರು ವರ್ಷ ಆಯ್ತು. ನೀನೂ ಹೇಳ್ಬ್ಯಾಡ ಅಣ್ಣ. ಸಿಗ್ಲಿಲ್ಲ ಅನ್ನು."

ಓಬಯ್ಯ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಅವನ ಹಿಂದೆಯೇ ಬೋರಪ್ಪನ ಮನೆಗೆ ಹೋದ. ಜೋಪಡಿಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ ಬೋರಪ್ಪ, ಬಂದವನು ಯಾರೆಂದು ತಿಳಿದ ಮೇಲೆ ಕೈಕೆಲಸ ನಿಲ್ಲಿಸಿದ.

"ಊರಿಗೋಗೋ, ಊರಿಗೋಗೋ ಅಂತ ಏಳಿ ಏಳಿ ನನ್ ಬಾಯಿ ಒಣಗೋಯ್ತು," ಎಂದ. "ಕೂಲೀಲಿ ಅರ್ಧ ತಂದು ನನ್ ಹೆಂಡ್ತಿ ಕೈಗೆ ಹಾಕ್ತಾನೆ. ನಮ್ ಜೊತೇಲೇ ಉಣ್ತಾನೆ. ಆದ್ರೆ ನಗಾಕಿಲ್ಲ. ನನ್ ಕಾಲು ಹೋದದ್ದು ನಂಗೇ ಮರ್ತೋಗೈತೆ, ಇವನಿಗೆ ಮರ್ತಿಲ್ಲ."

ಸಂಜೆ ಹಟ್ಟಿಗೆ ಬಂದ ಓಬಯ್ಯ ಕಂಬಳಿ ಹಾಸಿ ಕೂರುವುದು, ಏಳುವುದು, ಗಾಡಿಯ ಹತ್ತಿರ ಹೋಗುವುದು ಮಾಡುತ್ತಿದ್ದ. ರಾಗಿ ಮುದ್ದೆ ಮುರಿದವನು ತುತ್ತು ಬಾಯಿಗಿಡದೆ ಎಲ್ಲವನ್ನೂ ಹೆಂಡತಿಗೆ ಹೇಳಿದ. ಪೆದ್ದಮ್ಮನಿಗೆ ಹೇಳಿದರೆ ಚಿಕ್ಕನರಸಯ್ಯ ಶಿರಾ ಬಿಟ್ಟು ಓಡಿಹೋಗಬಹುದು. ಹೇಳದಿದ್ದರೆ ಅವಳು ಗುಜರಿಯನ್ನೇ ನೆನೆದು ಸಾಯಬಹುದು.

ಜುಂಜಮ್ಮ ಕೊನೆಯವರೆಗೆ ಕೇಳಿದಳು. "ಏಳಾಕಿಲ್ಲ ಅಂತ ಅವನಿಗೆ ಮಾತು ಕೊಟ್ಯಾ?"

"ಇಲ್ಲ. ಸುಮ್ಕೆ ಬಂದೆ."

"ಅವಳಿಗೆ?"

"ಬತ್ತೀನಿ ಅಂತ ಆಣೆ ಇಕ್ಕಿದ್ದೀನಿ."

"ಅಂಗಾದ್ರೆ ಉಂಡು ಮಲಗು. ಬೆಳಗ್ಗೆ ಓಗು."

ಶುಕ್ರವಾರ ಬಿಸಿಲೇರುವ ಮೊದಲೇ ಅವನು ಕ್ಯಾತಗಾನಚೆರ್ಲುವಿನಲ್ಲಿದ್ದ. ಪೆದ್ದಮ್ಮ ಊರ ಮುಂದಿನ ಕಲ್ಲಿನ ಮೇಲೆ ಕೂತಿದ್ದಳು. ಸೀರೆಯ ಸೆರಗಿನಲ್ಲಿ ಏನೋ ಗಂಟು ಕಟ್ಟಿಕೊಂಡಿದ್ದಳು. "ಬದುಕವ್ನೆ ಕಣಮ್ಮ," ಎಂದ ಓಬಯ್ಯ, ಗಾಡಿ ನಿಲ್ಲಿಸುವ ಮೊದಲೇ. ಅವಳು ಬಾಗಿಲು ತೆರೆಯಲು ಬಾರದೆ ಎರಡೂ ಕೈಯಲ್ಲಿ ಎಳೆದಳು. ದಾರಿಯಲ್ಲಿ ಅವನು ಗಾಡಿ ಉರುಳಿದ್ದು, ಕಾಲು ಹೋದದ್ದು, ಗಾಡಿ ಮಾರಿದ್ದು ಎಲ್ಲ ಹೇಳಿದ. ಅವಳು ಮಧುಗಿರಿಯ ಬೆಟ್ಟ ದಾಟಿದ ಮೇಲೆ, "ಸ್ವಲ್ಪ ಬೇಗ ಹೊಡಿ ನಾಯ್ನಾ," ಎಂದಳು, ಅಷ್ಟೇ.

ಈ ಸಲ ಓಬಯ್ಯ ಗಾಡಿಯನ್ನು ಮಿಲ್ಲಿನೊಳಗೆ ಒಯ್ಯಲಿಲ್ಲ. ಗೇಟಿನಾಚೆ ಬೇವಿನ ಮರದ ಕೆಳಗೆ ನಿಲ್ಲಿಸಿ, ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ಕಾದರು. ಹಮಾಲಿಗಳು ಹೊರಗೆ ಬಂದರು. ಚಿಕ್ಕನರಸಯ್ಯ ಎಲ್ಲರಿಗಿಂತ ಹಿಂದೆ ಇದ್ದ. ತಾಯಿಯನ್ನು ಕಂಡು ನಿಂತಲ್ಲೇ ನಿಂತ. ಓಡಲಿಲ್ಲ.

ಪೆದ್ದಮ್ಮ ಹತ್ತಿರ ಹೋಗಿ ಅವನ ಹೆಗಲು ಮುಟ್ಟಿದಳು. ಮೂಟೆ ಉಜ್ಜಿ ಉಜ್ಜಿ ಅಲ್ಲಿ ಚರ್ಮ ಎತ್ತಿನ ಹೆಗಲಿನಂತೆ ದಪ್ಪಗಟ್ಟಿತ್ತು. ಬೆರಳಾಡಿಸಿ ನೋಡಿದಳು. ಆಮೇಲೆ ಕೆನ್ನೆಗೆ ಒಂದು ಬಾರಿಸಿದಳು. ಹಮಾಲಿಗಳು ನಿಂತು ನೋಡಿದರು. ಮತ್ತೊಂದು ಹೊಡೆಯಲು ಎತ್ತಿದ ಕೈ ಹಾಗೇ ಅವನ ತಲೆಯ ಮೇಲೆ ಇಳಿಯಿತು.

"ಆ ಮನುಷ್ಯನ ಮನೆ ತೋರಿಸು," ಎಂದಳು.

ಬೋರಪ್ಪನ ಜೋಪಡಿಯಲ್ಲಿ ಅವಳು ಅವನ ಕಾಲಿನ ಎದುರಿಗೇ ಕೂತಳು. ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹುರಿದ ಕಡಲೆಕಾಯಿ, ಬೆಲ್ಲ. ಮಗನಿಗೆಂದು ತಂದದ್ದನ್ನು ಬೋರಪ್ಪನ ಹೆಣ್ಣುಮಕ್ಕಳ ಕೈಗೆ ಹಾಕಿದಳು. "ನನ್ ಮಗ ನಿನ್ ಕಾಲು ತೆಗೆದ. ಅದಕ್ಕೆ ನಾನೇನೂ ಹೇಳಕ್ಕಾಗಲ್ಲಪ್ಪ," ಎಂದಳು. ಬೋರಪ್ಪ ನೆಲ ನೋಡುತ್ತ, "ನಿನ್ ಮಗನ್ನೂ ನಾವು ಮೂರು ವರ್ಷ ಇಟ್ಕಂಡ್ವಲ್ಲ ತಾಯಿ," ಎಂದ.

ಅವಳು ಎರಡು ದಿನ ಅಲ್ಲಿದ್ದಳು. ಊರಿಗೆ ಬಾ ಎಂದು ಮಗನನ್ನು ಕರೆದಳು. ಊರಿನವರ ಎದುರು ನಿಲ್ಲಲಾರೆ, ಬೆಳಗಾದರೆ ಮೂಟೆ ಇರುತ್ತವೆ ಎಂದ ಅವನು. ಅವಳು ಮತ್ತೆ ಕರೆಯಲಿಲ್ಲ. ಓಬಯ್ಯ ಕರೆದೊಯ್ಯಲು ಬಂದಾಗ ಗಾಡಿ ಹತ್ತುತ್ತ, "ಊರಿಗೆ ಬರ್ದಿದ್ರೆ ಬರ್ಬ್ಯಾಡ. ಆದ್ರೆ ಸತ್ತೋನಂಗೆ ಇರ್ಬ್ಯಾಡ," ಎಂದು ಮಗನಿಗೆ ಹೇಳಿದಳು.

ಗ್ರಿಲ್ಲು ಬಿಚ್ಚಿ ಕೊಡಲೇ ಎಂದು ಓಬಯ್ಯ ದಾರಿಯಲ್ಲಿ ಕೇಳಿದ. ಮೂರು ದಿನದಿಂದ ಆ ಮಾತು ಅವನ ಗಂಟಲಲ್ಲಿತ್ತು.

"ಮನೇಲಿಟ್ಕೊಂಡು ನಾನೇನು ಮಾಡ್ಲಿ? ಗಾಡಿ ಮೇಲೇ ಇರ್ಲಿ. ಓಡಾಡ್ಲಿ."

ಪಾವಗಡದಲ್ಲಿ ಚನ್ನಮಲ್ಲಯ್ಯನವರು ತಾವೇ ಸ್ಟೂಲು ಹಾಕಿಕೊಂಡು ಗಾಡಿಯ ಮೇಲಿನ ಮೈಕು ಬಿಚ್ಚಿದರು. ಪೋಸ್ಟರುಗಳನ್ನೂ ಬಿಚ್ಚಿ ಸುತ್ತಿಟ್ಟರು. ಓಬಯ್ಯ ನಡೆದದ್ದನ್ನು ಹೇಳಿದಾಗ ಪೂರ್ತಿ ಕೇಳಿಸಿಕೊಂಡರು.

"ನೀನು ಮಾಡಿದ್ದು ಒಳ್ಳೇದೇ ಕಣಯ್ಯ. ಆದ್ರೆ ಶುಕ್ರವಾರ ನನ್ನ ಟೆಂಟು ಖಾಲಿ ಇತ್ತು. ನಾಳೆ ಇನ್ನೊಬ್ಬಳು ತಾಯಿ ಅಡ್ಡ ನಿಂತ್ರೂ ನೀನು ಹೋಗೋನೇ. ನನಗೆ ಹೋಗದೇ ಇರೋನು ಬೇಕು."

ಓಬಯ್ಯ ಗಾಡಿ ತಿರುಗಿಸಿಕೊಂಡು ಬಂದ. ಕೆಲವು ದಿನ ಹಟ್ಟಿಯಲ್ಲಿ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಗಾಡಿಯಲ್ಲಿ ಮೈಕಿನ ಜಾಗ ನೋಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಮತ್ತೆ ಕುರಿ ತುಂಬತೊಡಗಿದ. ಆದರೆ ಈಗ ಮದುವೆ ಮನೆಯವರೂ ಬರುತ್ತಿದ್ದರು. ತಿಂಗಳಿಗೆ ಎರಡಾದರೂ ಅಂಥ ಬಾಡಿಗೆ ಸಿಕ್ಕುತ್ತಿತ್ತು.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಕುರಿಸಂತೆಯಲ್ಲಿ ಚಿಕ್ಕನರಸಯ್ಯ ಅವನನ್ನು ಹುಡುಕಿಕೊಂಡು ಬಂದ. ಒಗೆದ ಅಂಗಿ ಹಾಕಿದ್ದ. ಗಾಡಿಯ ಮುಂದೆ ಬರದೆ ಪಕ್ಕದಿಂದ ಬಂದು ನಿಂತ.

"ನಾಳೆ ಪಾವಗಡದ ಕಡೆ ಬಾಡಿಗೆ ಐತಾ ಅಣ್ಣ?"

ಇರಲಿಲ್ಲ. ಓಬಯ್ಯ ಅವನ ಮುಖ ನೋಡಿದ. "ಐತೆ," ಎಂದ.

"ಅಂಗಾದ್ರೆ ನಾವೂ ಬತ್ತೀವಿ. ನಾನು, ಬೋರಪ್ಪಣ್ಣ."

ಮಾರನೆಯ ದಿನ ಬೋರಪ್ಪ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮುಂದೆ ಕೂತ. ಚಿಕ್ಕನರಸಯ್ಯ ಹಿಂದೆ ತೊಟ್ಟಿಯಲ್ಲಿ ನಿಂತ. ತಿರುವುಗಳಲ್ಲಿ ಓಬಯ್ಯ ಬೇಕೆಂದೇ ನಿಧಾನ ಮಾಡುತ್ತಿದ್ದ. ಒಂದು ತಿರುವಿನಲ್ಲಿ ಬೋರಪ್ಪ ಕಿಟಕಿಯಿಂದ ಹೊರಗೆ ನೋಡಿ, "ಇಲ್ಲೇ," ಎಂದ. ಓಬಯ್ಯ ಬಗ್ಗಿ ರಸ್ತೆ ಬದಿಯ ಹಳ್ಳ ನೋಡಿದ.

ಊರು ಫರ್ಲಾಂಗು ದೂರ ಇದೆ ಅನ್ನುವಾಗ ಹಿಂದಿನಿಂದ ಕ್ಯಾಬಿನ್ನಿನ ತಗಡು ಬಡಿದ ಸದ್ದಾಯಿತು. ಓಬಯ್ಯ ನಿಲ್ಲಿಸಿದ. ಚಿಕ್ಕನರಸಯ್ಯ ಇಳಿದ. ನಡೆದು ಹೋಗುತ್ತೇನೆ ಎಂದ. "ನಾನೂ ಇಳೀತೀನಿ ತಡಿ," ಎಂದು ಬೋರಪ್ಪ ಊರುಗೋಲು ಕೆಳಗಿಟ್ಟ. ಇಬ್ಬರೂ ರಸ್ತೆಯ ಮೇಲೆ ನಡೆದರು. ಬೋರಪ್ಪನ ಹೆಜ್ಜೆಗೆ ಇವನು ತನ್ನ ಹೆಜ್ಜೆ ಕಡಿಮೆ ಮಾಡಿಕೊಂಡ. ಗಾಡಿ ಹೊಡೆದುಕೊಂಡು ಮುಂದೆ ಹೋಗುವುದಕ್ಕೆ ಓಬಯ್ಯನಿಗೆ ಮನಸ್ಸಾಗಲಿಲ್ಲ. ಇಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಅವರ ಹಿಂದೆ ತಾನೂ ನಡೆದ.

ಮೊದಲ ಮನೆಯ ಜಗುಲಿಯ ಮೇಲಿದ್ದ ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಎದ್ದು ನಿಂತ. ಒಳಗಿನಿಂದ ಇನ್ನಿಬ್ಬರು ಬಂದರು. ನೀರಿಗೆ ಹೊರಟಿದ್ದ ಹೆಂಗಸರು ಕೊಡ ಕೆಳಗಿಟ್ಟರು.

"ಮೂರು ವರ್ಷ ಎಲ್ಲಿದ್ಯೋ ನರಸಯ್ಯಾ?" ಎಂದ ಮುದುಕ.

ಚಿಕ್ಕನರಸಯ್ಯ ಬೋರಪ್ಪನ ತೋಳು ಹಿಡಿದುಕೊಂಡು ಮುಂದೆ ಕರೆತಂದ.

"ಇವರ ಮನೇಲಿ," ಎಂದ. "ಕೂತ್ಕೊಳ್ಳಿ ತಾತ. ಎಲ್ಲಾ ಹೇಳ್ತೀನಿ."